ಇಮಾನದ ಬಯಲಿನ ಗದ್ದುಗೆ

ಗುರಪ್ಪನಿಗೆ ಹಾವಿನ ಹೆದರಿಕೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಪರದೇಶದ ಸಾಹೇಬರಿಗೆಲ್ಲ ಹಾವಿನ ಹೆದರಿಕೆ ಹಾಕಿಯೇ ಅವನು ಎರಡು ಚಳಿಗಾಲ ಕಳೆದಿದ್ದ. ಝಳಕಿಯಿಂದ ಮೂರು ಮೈಲಿ ಒಳಗೆ, ಎರೆಹೊಲಗಳ ನಡುವೆ, ಯುದ್ಧದ ಕಾಲದಲ್ಲಿ ವಿಮಾನ ಇಳಿಸಲೆಂದು ಬ್ರಿಟಿಷರು ಗರಸು ಬಡಿದು ಗಟ್ಟಿ ಮಾಡಿದ ಒಂದು ಪಟ್ಟಿ ಇತ್ತು. ಊರವರ ಬಾಯಲ್ಲಿ ಅದು ಇಮಾನದ ಬಯಲು. ಬಯಲಿನ ಕೊನೆಗೆ, ಬಲಗಡೆ, ಒಂದು ಬೇವಿನ ಗಿಡ. ಗಿಡದ ಬುಡದಲ್ಲಿ ಸುಣ್ಣ ಬಳಿದ ಗದ್ದುಗೆ. ಯಾವನಾದರೂ ಸಾಹೇಬ ಆ ಕಡೆ ಕಣ್ಣು ಹಾಯಿಸಿದರೆ ಸಾಕು, ಗುರಪ್ಪ ಕೈಯನ್ನು ಹೆಡೆ ಮಾಡಿ ಎತ್ತಿ, "ಸ್ನೇಕ್ ಸಾಬ್, ಸ್ನೇಕ್" ಅನ್ನುತ್ತಿದ್ದ. ಎಲ್ಲರೂ ಲಗುಬಗೆಯಿಂದ ಎಡಕ್ಕೆ ತಿರುಗುತ್ತಿದ್ದರು.

ಹಾವೂ ಇಲ್ಲ, ಹಲ್ಲಿಯೂ ಇಲ್ಲ. ಅವನ ಹೆಂಡತಿ ಕಸ್ತೂರೆವ್ವ ಪ್ರತಿ ಸೋಮವಾರ ಅದೇ ಗಿಡದ ಕೆಳಗೆ ಬರಿಗಾಲಲ್ಲಿ ಹೋಗಿ, ಗದ್ದುಗೆಗೆ ಹಾಲೆರೆದು, ವಿಭೂತಿ ಹಚ್ಚಿ ಬರುತ್ತಿದ್ದಳು. ಮದುವೆಯಾಗಿ ಏಳು ವರ್ಷ ಮಕ್ಕಳಾಗದೆ ಇದ್ದಾಗ ಅಲ್ಲಿಯೇ ಬೇಡಿಕೊಂಡಿದ್ದಳು. ಆಮೇಲೆ ಹುಟ್ಟಿದ ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟು ಈಗ ಮೊಮ್ಮಗನನ್ನೂ ಕಂಡಿದ್ದಾಳೆ. ಹಿಂದೆ ಯಾವುದೋ ಊರಿನ ಅಯ್ಯನೊಬ್ಬ ಮಳೆಗೆ ಸಿಕ್ಕು ಇಲ್ಲಿ ಲಿಂಗೈಕ್ಯನಾದ, ನನ್ನ ಮಾವನೇ ಮುಂದೆ ನಿಂತು ಮಣ್ಣು ಮಾಡಿದ ಎಂದು ಅವಳು ನಂಬಿದ್ದಳು. ಊರೂ ಹಾಗೆಯೇ ನಂಬಿತ್ತು. ಗುರಪ್ಪ ಮಾತ್ರ ಆ ಗದ್ದುಗೆಗೆ ಒಂದು ದಿನವೂ ಕೈ ಮುಗಿದವನಲ್ಲ. "ನಿಮಗ ದೇವರ ಮ್ಯಾಲ ಏನ್ ಸಿಟ್ಟೋ" ಎಂದು ಕಸ್ತೂರೆವ್ವ ಗೊಣಗುತ್ತಿದ್ದಳು.

ಈ ಸಾಹೇಬರನ್ನು ಸುತ್ತಾಡಿಸುವ ಕೆಲಸ ಅವನು ಕೇಳಿಕೊಂಡು ಹೋದದ್ದಲ್ಲ. ಯುದ್ಧದಲ್ಲಿ ದುಡಿದು ಈಗ ಮುದುಕರಾದ ಸಿಪಾಯಿಗಳನ್ನು ಅವರವರ ಹಳೆಯ ವಿಮಾನದ ಬಯಲುಗಳಿಗೆ ಕರೆದೊಯ್ದು ತೋರಿಸುವ ಕಂಪನಿಯೊಂದು ಮುಂಬಯಿಯಲ್ಲಿ ಶುರುವಾಗಿತ್ತು. ಸೊಲ್ಲಾಪುರದಿಂದ ಬಿಜಾಪುರದ ಗೋಳಗುಮ್ಮಟಕ್ಕೆ ಹೋಗುವ ದಾರಿಯಲ್ಲಿ ಇಲ್ಲಿ ಅರ್ಧ ದಿನ. ಆ ಕಾಲದ್ದು ಗೊತ್ತಿದ್ದವರು ಯಾರಾದರೂ ಇದ್ದಾರೆಯೇ ಎಂದು ಕಂಪನಿಯವನು ಝಳಕಿಯ ಚಹಾದ ಅಂಗಡಿಯಲ್ಲಿ ಕೇಳಿದಾಗ ಇದ್ದಬದ್ದವರೆಲ್ಲ ಗುರಪ್ಪನ ಹೆಸರು ಹೇಳಿದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ಆ ಕ್ಯಾಂಪಿನ ಡೇರೆಗಳಿಗೆ ನೀರು ಹೊತ್ತವನು. ಇಲ್ಲ ಅನ್ನೋಣವೆಂದರೆ, ಯಾಕೆ ಇಲ್ಲ ಎಂದು ಊರು ಕೇಳುತ್ತದೆ. ಬೇರೆ ಯಾರಾದರೂ ಸುತ್ತಾಡಿಸಿದರೆ ಅವರು ಯಾವ ಕಡೆ ತಿರುಗುತ್ತಾರೋ ಯಾರಿಗೆ ಗೊತ್ತು. ಹೀಗೆ ಎರಡೂ ಕಡೆಯಿಂದ ಹೆದರಿ ಅವನು ಹ್ಞೂಂ ಅಂದ.

ಆದರೆ ಕೆಲಸ ಒಗ್ಗಿ ಬಂತು ನೋಡಿ ಅವನಿಗೆ. ಏನೂ ಇಲ್ಲದ ಬಯಲಲ್ಲಿ ನಿಂತು, "ಇಲ್ಲಿ ಅಡಗಿ ಮನಿ ಇತ್ರಿ. ಇಲ್ಲಿ ದೊಡ್ಡ ಸಾಹೇಬ್ರ ಡೇರೆ. ಈ ಕಲ್ಲಿನ ಮ್ಯಾಲ ಕುಂತು ನಿಮ್ಮವರು ದಾಡಿ ಮಾಡ್ಕೋತಿದ್ರಿ" ಎಂದು ಅವನು ತೋರಿಸಿದರೆ ಮುದುಕರ ಕಣ್ಣಲ್ಲಿ ನೀರು ಬರುತ್ತಿತ್ತು. ಒಬ್ಬ ಸಾಹೇಬ ಚಿಟಿಕೆ ಮಣ್ಣನ್ನು ಕಡ್ಡಿಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋದ. ಗುರಪ್ಪನ ಮಾತನ್ನು ಇಂಗ್ಲಿಷಿಗೆ ತಿರುಗಿಸುವವರು ಬಸಂತರಾಯ ಮಾಸ್ತರರು. ಸಿಂದಗಿಯ ಸಾಲಿಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ, ಪೆನ್ಶನ್ ಆಗಿ ಝಳಕಿಯಲ್ಲಿ ಮನೆ ಮಾಡಿಕೊಂಡವರು. ಕಂಪನಿಯವರು ಗುರಪ್ಪನಿಗೆ ಒಂದು ಖಾಕಿ ಕೋಟು ಕೊಟ್ಟರು. ಅದನ್ನು ತೊಟ್ಟು ಅವನು ಗತ್ತಿನಿಂದಲೇ ನಡೆಯುತ್ತಿದ್ದ. ಗಾಡಿ ಹೊರಟುಹೋದ ಮೇಲೆ ಕೋಟು ಬಿಚ್ಚಿದರೆ ಒಳಗಿನ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು.

ಎಪ್ಪತ್ತೈದರ ಡಿಸೆಂಬರಿನಲ್ಲಿ ಮಾಸ್ತರರು ಸೈಕಲ್ ತುಳಿದುಕೊಂಡು ಊರಿಗೆ ಬಂದರು. ಕೈಯಲ್ಲಿ ಕಂಪನಿಯ ಕಾಗದ ಇತ್ತು.

"ಗುರಪ್ಪಾ, ಜನವರಿ ಹನ್ನೆರಡಕ್ಕ ಬರ್ತಾರಂತ. ಈ ಸಲ ಒಬ್ಬಾಕಿ ಹೆಣ್ಮಗಳೂ ಅದಾಳ. ಎಡಿತ್ ಅಂತ ಹೆಸರು. ಆಕಿ ತಮ್ಮ ಇಲ್ಲೇ ಇಮಾನ ಬಿದ್ದು ಹೋದನಂತ, ನಲವತ್ನಾಕರಾಗ. ಹೆಣಾನೂ ಸಿಗಲಿಲ್ಲಂತ. ನಿನಗ ನೆನಪೈತೇನು?"

ಗುರಪ್ಪ ಎತ್ತಿಗೆ ಕಣಕಿ ಹಾಕುತ್ತಿದ್ದ. ಹಾಕಿದ್ದನ್ನೇ ಮತ್ತೆ ತೆಗೆದು ಮತ್ತೆ ಹಾಕಿದ. "ಭಾಳ ಇಮಾನ ಬಿದ್ದುವ್ರಿ ಮಾಸ್ತರ್ರ. ಯಾವುದಂತ ನೆನಪಿಡೂದು" ಅಂದ. ಮಾಸ್ತರರು ಸೈಕಲ್ ಹತ್ತಿ ಹೋದ ಮೇಲೆ ಅವನು ಎತ್ತಿನ ಬದಿಯಲ್ಲೇ ನೆಲಕ್ಕೆ ಕೂತುಬಿಟ್ಟ.

ಅಲ್ಲಿ ಬಿದ್ದದ್ದು ಒಂದೇ ಒಂದು ವಿಮಾನ. ನೆನಪಿಡುವುದೇನು, ಮರೆಯುವುದೇ ಅವನಿಗೆ ಆಗಿರಲಿಲ್ಲ.

ಶ್ರಾವಣದ ಮಳೆ ಹಿಡಿದು ಮೂರು ದಿನವಾಗಿತ್ತು. ಹಳ್ಳ ಎರಡೂ ದಂಡೆ ತುಂಬಿ ಭೀಮೆಯ ಕಡೆ ಓಡುತ್ತಿತ್ತು. ಸಂಜೆ ಹೊತ್ತಿಗೆ ಒಂದು ಸಣ್ಣ ವಿಮಾನ ಮೋಡದೊಳಗಿಂದ ಕೆಳಗೆ ಬಂದು, ಬಯಲು ಸಿಗದೆ, ಹಳ್ಳದ ದಂಡೆಗೆ ಬಡಿಯಿತು. ಅದರಲ್ಲಿ ಇಬ್ಬರಿದ್ದರು. ಒಬ್ಬ ಕೂತಲ್ಲೇ ಸತ್ತ. ಇನ್ನೊಬ್ಬ ಹೇಗೋ ತೆವಳಿಕೊಂಡು, ಬೆಳಗಾಗುವಷ್ಟರಲ್ಲಿ ಗುರಪ್ಪನ ಅಪ್ಪ ಪರಪ್ಪನ ಹೊಲದ ಮನೆಯ ಬಾಗಿಲಿಗೆ ಬಂದು ಬಿದ್ದಿದ್ದ. ಇಪ್ಪತ್ತು ವರ್ಷದ ಹುಡುಗ. ಕಿವಿಗಳೆರಡೂ ಹೊರಕ್ಕೆ ಚಾಚಿಕೊಂಡಿದ್ದವು. ಮೈಮೇಲೆ ದೊಡ್ಡ ಗಾಯ ಕಾಣಲಿಲ್ಲ, ಹೊಟ್ಟೆ ಮಾತ್ರ ಹಲಗೆಯಂತೆ ಬಿಗಿದಿತ್ತು. ಗುರಪ್ಪನ ಅವ್ವ ಹೊನ್ನವ್ವ ಅವನನ್ನು ಒಳಗೆ ಎಳೆದುಕೊಂಡು ಕಂಬಳಿ ಹೊದಿಸಿದಳು.

ಆಗಲೇ ಹೋಗಿ ಕ್ಯಾಂಪಿಗೆ ಹೇಳಬೇಕಾಗಿತ್ತು. ಕ್ಯಾಂಪಿನಲ್ಲಿ ಡಾಕ್ಟರನಿದ್ದ, ಮೋಟಾರಿತ್ತು. ಯಾಕೆ ಹೇಳಲಿಲ್ಲ ಎಂದರೆ, ಅದೇ ಮನೆಯ ಹಿತ್ತಲಲ್ಲಿ ನೆಲದೊಳಗೆ ಜೋಳ ತುಂಬುವ ಹಗೇವು ಇತ್ತು. ಆ ಖಾಲಿ ಹಗೇವಿನೊಳಗೆ, ಬಾಯಿಕಲ್ಲು ಅರ್ಧ ಸರಿಸಿಕೊಂಡು, ಗುರಪ್ಪನ ಕಾಕಾ ಸಂಗಣ್ಣ ಅಡಗಿ ಕೂತಿದ್ದ. ನಲವತ್ತೆರಡರ ಚಳವಳಿಯಲ್ಲಿ ತಂತಿ ಕಡಿದು, ಚಾವಡಿಯ ಕಾಗದ ಸುಟ್ಟು, ಎರಡು ವರ್ಷದಿಂದ ಪೊಲೀಸರ ಕೈಗೆ ಸಿಗದೆ ತಿರುಗುತ್ತಿದ್ದವನು ಅವನು. ಹಳ್ಳ ತುಂಬಿದ್ದರಿಂದ ಆಚೆ ದಾಟಿ ಹೋಗುವಂತಿರಲಿಲ್ಲ.

"ಹೇಳಿದ್ರ ಇಡೀ ಪಲ್ಟನ್ನ ಇಲ್ಲಿಗೆ ಬರ್ತೈತಿ" ಅಂದ ಪರಪ್ಪ. "ಹಗೇವಿನ ಕಲ್ಲು ಎತ್ತಿ ನೋಡ್ತಾರ. ಸಂಗಣ್ಣನ್ನ ಗಲ್ಲಿಗೆ ಹಾಕ್ತಾರ, ನಮ್ಮನ್ನ ಜೇಲಿಗೆ ಹಾಕ್ತಾರ. ಇವತ್ತೊಂದಿನ ತಡೀರಿ. ಹಳ್ಳ ಇಳೀಲಿ, ಅಂವ ದಾಟಿ ಹೋಗ್ಲಿ, ಆಮ್ಯಾಲ ನಾನ ಹೋಗಿ ಹೇಳ್ತೇನಿ."

"ಈ ಹುಡುಗ ತಡಿಯಾಂವಲ್ಲ" ಅಂದಳು ಹೊನ್ನವ್ವ.

ಪರಪ್ಪ ಮಗನ ಕಡೆ ತಿರುಗಿ, "ನೀ ದಿನಾ ಹೋಗೂ ಹಂಗ ಕೆಲಸಕ್ಕ ಹೋಗು. ಹೋಗದಿದ್ರ ಸಂಶೆ ಬರ್ತೈತಿ" ಅಂದ.

ಗುರಪ್ಪ ಹೋದ. ಕ್ಯಾಂಪಿನಲ್ಲಿ ಕೂಲಿಯವರನ್ನೆಲ್ಲ ಮಳೆಯಲ್ಲೇ ಸಾಲಾಗಿ ನಿಲ್ಲಿಸಿದ್ದರು. ಕೆಂಪು ಮೀಸೆಯ ಸಾಹೇಬನೊಬ್ಬ ಒಬ್ಬೊಬ್ಬರ ಮುಂದೆ ನಿಂತು, ಎರಡು ಬೆರಳು ತೋರಿಸಿ ಒಂದನ್ನು ಮಡಚಿ, ಇನ್ನೊಬ್ಬನನ್ನು ನೋಡಿದೆಯಾ ಎಂದು ಕೇಳುತ್ತಿದ್ದ. ಅವನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಡಾಕ್ಟರನ ಡೇರೆ. ಡೇರೆಯ ಬಾಗಿಲಲ್ಲಿ ಡಾಕ್ಟರನೇ ಚಹಾ ಕುಡಿಯುತ್ತ ನಿಂತಿದ್ದ. ಸಾಹೇಬ ಗುರಪ್ಪನ ಮುಂದೆ ಬಂದ. ಗುರಪ್ಪನಿಗೆ ಆಗ ಬರುತ್ತಿದ್ದ ಇಂಗ್ಲಿಷ್ ಒಂದು ಹಿಡಿಯಷ್ಟು. ಅದರಲ್ಲಿಂದ ಎರಡು ಮಾತು ತೆಗೆದು ಹೇಳಿದ: "ನೋ ಸಾಬ್."

ಸಂಜೆ ಅವನು ಮನೆಗೆ ಬರುವಷ್ಟರಲ್ಲಿ ಹುಡುಗನ ತಲೆ ಹೊನ್ನವ್ವನ ತೊಡೆಯ ಮೇಲಿತ್ತು. ಅವಳು ಅರಿವೆ ತೋಯಿಸಿ ಅವನ ತುಟಿಗೆ ನೀರು ಹಿಂಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಹುಡುಗನ ಜೀವ ಹೋಯಿತು. ಹಳ್ಳ ಇನ್ನೂ ಇಳಿದಿರಲಿಲ್ಲ.

ಮರುದಿನ ಕ್ಯಾಂಪಿನವರು, ಹುಡುಗ ನೀರಲ್ಲಿ ಕೊಚ್ಚಿಹೋದನೆಂದು, ಹಳ್ಳದ ಗುಂಟ ಭೀಮೆಯವರೆಗೂ ಹುಡುಕುತ್ತ ಹೋದರು. ಈ ಕಡೆ ಪರಪ್ಪ ಬೇವಿನ ಗಿಡದ ಬುಡದಲ್ಲಿ ಕುಣಿ ತೋಡಿದ. ಬೇರೆಯವರ ಪದ್ಧತಿ ಅವನಿಗೇನು ಗೊತ್ತು? ಅವನಿಗೆ ಗೊತ್ತಿದ್ದದ್ದು ಒಂದೇ ರೀತಿ, ಅವನ ಅಪ್ಪನಿಗೆ ಮಾಡಿದ್ದು. ಹೆಣಕ್ಕೆ ನೀರು ಹಾಕಿ, ಹಣೆಗೆ ವಿಭೂತಿ ಹಚ್ಚಿ, ಚಕ್ಕಳಬಕ್ಕಳ ಹಾಕಿ ಕೂಡ್ರಿಸಿದ. ಹುಡುಗನ ಕೊರಳಲ್ಲಿ ದಾರಕ್ಕೆ ಕಟ್ಟಿದ ಕೆಂಪು ಬಿಲ್ಲೆಯೊಂದಿತ್ತು, ಅದರ ಮೇಲೆ ಏನೋ ಅಕ್ಷರ. ಪರಪ್ಪ ಅದನ್ನು ಹಿಡಿದು ಬಹಳ ಹೊತ್ತು ನೋಡಿದ. "ಇದು ಇವರ ಲಿಂಗ ಇರಬೇಕು" ಅಂದ. ಲಿಂಗವಂತನ ಎಡ ಅಂಗೈಯಲ್ಲಿ ಲಿಂಗ ಇಟ್ಟು ಕಳಿಸುವ ಹಾಗೆ, ಆ ಬಿಲ್ಲೆಯನ್ನು ಹುಡುಗನ ಎಡ ಅಂಗೈಯಲ್ಲಿ ಇಟ್ಟು, ಬೆರಳು ಮಡಚಿ, ಬಿಲ್ವಪತ್ರಿ ಹಾಕಿ ಮಣ್ಣು ಮುಚ್ಚಿದ. ಅವನ ಹೆಸರು, ಅವನ ನಂಬರು, ಯಾವನಾದರೂ ಗುರುತು ಹಿಡಿಯಬಹುದಾಗಿದ್ದ ಒಂದೇ ಒಂದು ವಸ್ತು, ಹೀಗೆ ಭಕ್ತಿಯಿಂದಲೇ ನೆಲ ಸೇರಿತು. ಮಣ್ಣು ಹೊಸದಾಗಿ ಕಂಡೀತೆಂದು ಪರಪ್ಪ ಮೇಲೆ ಕಲ್ಲು ಜೋಡಿಸಿ, ಕೇಳಿದವರಿಗೆ ಅಯ್ಯನ ಗದ್ದುಗೆ ಎಂದ. ಜನ ಕೈ ಮುಗಿದರು.

ಸ್ವಾತಂತ್ರ್ಯ ಬಂದ ಮೇಲೆ ಸಂಗಣ್ಣನಿಗೆ ಹಾರ ತುರಾಯಿ ಆದವು, ಮುಂದೆ ತಾಮ್ರಪತ್ರವೂ ಬಂತು. ಈಗ ಪರಪ್ಪ, ಹೊನ್ನವ್ವ, ಸಂಗಣ್ಣ ಮೂವರೂ ಇಲ್ಲ. ಗೊತ್ತಿದ್ದವರಲ್ಲಿ ಗುರಪ್ಪ ಒಬ್ಬನೇ ಉಳಿದಿದ್ದ.

ಆ ಒಂದು ತಿಂಗಳು ಅವನು ಹೇಗೆ ಕಳೆದನೋ ಅವನಿಗೇ ಗೊತ್ತು. ತುರ್ತು ಪರಿಸ್ಥಿತಿಯ ಕಾಲ. ತಾಲೂಕಿನ ಊರಾದ ಇಂಡಿಯ ಸಂತೆಯಲ್ಲಿ ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಯಾರನ್ನೋ ಎತ್ತಿಕೊಂಡು ಹೋದರಂತೆ, ಯಾಕೆಂದು ಮನೆಯವರಿಗೂ ಹೇಳಲಿಲ್ಲವಂತೆ. ಇಂಥದ್ದರಲ್ಲಿ ಸರಕಾರದ ಸೈನಿಕನ ಹೆಣ ಬಚ್ಚಿಟ್ಟವನು ಎಂದು ಗೊತ್ತಾದರೆ ಬಿಟ್ಟಾರೆಯೇ? ಆಗಿನ ಸರಕಾರ ಬೇರೆ, ಈಗಿನ ಸರಕಾರ ಬೇರೆ ಎಂಬ ಲೆಕ್ಕ ಅವನ ಹೆದರಿಕೆಗೆ ತಿಳಿಯುತ್ತಿರಲಿಲ್ಲ. ಪೊಲೀಸರು ಅಂದರೆ ಪೊಲೀಸರು. ಅವರು ಬಿಟ್ಟರೂ ಊರು ಬಿಡುವುದಿಲ್ಲ. ಮೂವತ್ತೊಂದು ವರ್ಷ ಒಬ್ಬ ಪರದೇಶಿಯ ಗೋರಿಗೆ ಹಾಲೆರೆಸಿದಿರಿ ಎಂದು ಬಾಗಿಲಿಗೆ ಬರುತ್ತಾರೆ. ಊರೂ ಹೋಗಲಿ, ಕಸ್ತೂರೆವ್ವ? ಆ ಗದ್ದುಗೆ ಕೊಟ್ಟ ಮಗಳೆಂದು ನಂಬಿದವಳಿಗೆ ಏನು ಮುಖ ತೋರಿಸುವುದು?

ಇವೆಲ್ಲದರ ಕೆಳಗೆ ಇನ್ನೊಂದು ಹೆದರಿಕೆ ಇತ್ತು. ಆ ಹೆಣ್ಣುಮಗಳು ಬಂದು, ನನ್ನ ತಮ್ಮ ಹೇಗೆ ಸತ್ತ ಎಂದು ಕೇಳಿದರೆ?

"ಊಟಾ ಯಾಕ ಬಿಟ್ಟೀರಿ?" ಎಂದು ಕಸ್ತೂರೆವ್ವ ಕೇಳಿದಳು. "ಹೊಟ್ಟಿ ಸರಿ ಇಲ್ಲ" ಅಂದ. ಮಾಸ್ತರರಲ್ಲಿಗೆ ಹೋಗಿ, "ನನಗ ಜ್ವರ ಬಂದಾವ್ರಿ, ಈ ಸಲ ನೀವ ತೋರಿಸಿಬಿಡ್ರಿ" ಅಂದ. ಮಾಸ್ತರರು ಅವನ ಹಣೆ ಮುಟ್ಟಿ ನೋಡಿ, "ನಿನ್ನ ಹಣಿ ನನ್ನ ಹಣೀಕಿಂತ ತಣ್ಣಗೈತಿ. ನಾಟಕ ಮಾಡಬ್ಯಾಡ" ಎಂದು ಕಳಿಸಿದರು.

ಜನವರಿ ಹನ್ನೆರಡು ಸೋಮವಾರ ಬಂತು. ಬೇರೆ ದಿನವೇ ಇರಲಿಲ್ಲವೇನೋ.

ಗಾಡಿಯಿಂದ ಐದು ಮಂದಿ ಮುದುಕರು ಇಳಿದರು, ಅವರ ಹಿಂದೆ ಆಕೆ. ಅರವತ್ತರ ಹತ್ತಿರದ ಎತ್ತರದ ಹೆಂಗಸು, ತಲೆಗೆ ಬಿಳಿ ಟೋಪಿ. ಯಾರ ಹತ್ತಿರವೂ ಹೆಚ್ಚು ಮಾತಿಲ್ಲ. ನೇರ ಗುರಪ್ಪನ ಹತ್ತಿರ ಬಂದು ಚೀಲದಿಂದ ಒಂದು ಫೋಟೋ ತೆಗೆದು ಹಿಡಿದಳು. ಹೊರಕ್ಕೆ ಚಾಚಿಕೊಂಡ ಎರಡು ಕಿವಿ. ಗುರಪ್ಪ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ತಲೆ ಅಲ್ಲಾಡಿಸಿ ಇಲ್ಲ ಅಂದ.

ಅವತ್ತಿನ ಅವನ ತೋರಿಸುವಿಕೆ ನೋಡಬೇಕಿತ್ತು. ಅಡಿಗೆ ಮನೆಯ ಜಾಗದಲ್ಲಿ ಡಾಕ್ಟರನ ಡೇರೆ ಇತ್ತೆಂದ, ಡಾಕ್ಟರನ ಡೇರೆಯ ಜಾಗವನ್ನು ತೋರಿಸಲೇ ಇಲ್ಲ. ಮಾಸ್ತರರು ಅವನ ಮುಖ ನೋಡಿ ತಾವೇ ಸರಿಪಡಿಸಿ ಇಂಗ್ಲಿಷ್ ಹೇಳಿದರು. ಬಯಲಿನ ಕೊನೆಗೆ ಬಂದರು. ಎಡಕ್ಕೆ ತಿರುಗಬೇಕು. ಆಕೆ ನಿಂತು ಬಲಕ್ಕೆ ಕೈ ಮಾಡಿದಳು.

"ಹಳ್ಳ ಆ ಕಡೆ ಐತಲ್ಲ, ಅಲ್ಲಿಗೆ ಹೋಗಬೇಕಂತ" ಅಂದರು ಮಾಸ್ತರರು.

"ಸ್ನೇಕ್" ಅಂದ ಗುರಪ್ಪ. ಕೈ ಎತ್ತಿ ಹೆಡೆಯನ್ನೂ ಮಾಡಿದ. ಮುದುಕರು ಹಿಂದೆ ಸರಿದರು. ಆಕೆ ಅವನ ಕೈಯನ್ನು ನೋಡಿದಳು, ಏನೋ ಅಂದಳು, ನಡೆದೇಬಿಟ್ಟಳು.

"ಇಷ್ಟು ದೂರ ಹಾವಿಗೆ ಹೆದರಿ ವಾಪಸ್ ಹೋಗಾಕ ಬಂದಿಲ್ಲ ಅಂದಳು" ಎನ್ನುತ್ತ ಮಾಸ್ತರರು ಧೋತರ ಎತ್ತಿ ಹಿಂದೆ ಹೊರಟರು. ಗುರಪ್ಪ ಹೋಗಲೇಬೇಕಾಯಿತು.

ಬೇವಿನ ಗಿಡದ ಕೆಳಗೆ ಕಸ್ತೂರೆವ್ವ ಹಾಲಿನ ತಂಬಿಗೆ ಹಿಡಿದು ನಿಂತಿದ್ದಳು. ಎಡಿತ್ ಗದ್ದುಗೆಯ ಹತ್ತಿರ ನಿಂತು, ಇದೇನು ಎಂದು ಕೇಳಿದಳು. ಕಸ್ತೂರೆವ್ವ ನಗುತ್ತ ಹೇಳಿದಳು: "ನಮ್ಮ ಅಯ್ಯಾವ್ರ ಗದ್ದಗಿ ಐತಿ ಯವ್ವಾ. ಮನಿ ಮಠ ಬಿಟ್ಟು ಬಂದಾವ್ರು. ನಮ್ಮ ಹೊಲದಾಗ ಜೀವ ಬಿಟ್ಟರು." ಮಾಸ್ತರರು ಅದನ್ನು ತಿರುಗಿಸಿದರು. ಆಕೆ ಟೋಪಿ ತೆಗೆದಳು, ಒಂದು ಗಳಿಗೆ ತಲೆ ತಗ್ಗಿಸಿ ನಿಂತಳು, ಮತ್ತೆ ಟೋಪಿ ಹಾಕಿಕೊಂಡು ಹಳ್ಳದ ಕಡೆ ನಡೆದಳು. ಗುರಪ್ಪ ಬದುಕಿದೆ ಅಂದುಕೊಂಡ.

ಹಳ್ಳದಲ್ಲಿ ನೀರಿರಲಿಲ್ಲ. ಬರೀ ಉಸುಕು, ಒಣಗಿದ ಜೇಕು, ಕಲ್ಲು. ಆಕೆ ದಂಡೆ ಇಳಿದು ನಡುವೆ ಹೋಗಿ ನಿಂತಳು. ನೀರು ಎಲ್ಲಿ ಎಂದು ಕೇಳಿದಳು. ಮಳೆಗಾಲದಲ್ಲಿ ಮಾತ್ರ ಎಂದರು ಮಾಸ್ತರರು. ಆಕೆ ಚೀಲದಿಂದ ಒಂದು ಲಕೋಟೆ ತೆಗೆದಳು. ಒಳಗೆ ಒಣಗಿದ ಹೂವಿದ್ದವು.

"ಅವರವ್ವ ಕೊಟ್ಟು ಕಳಿಸ್ಯಾಳಂತ" ಅಂದರು ಮಾಸ್ತರರು. "ಎಂಬತ್ತು ದಾಟೈತಿ ಆಕಿಗೆ. ಮನಿ ಮುಂದಿನ ಗಿಡದ್ದು. ಮಗ ಹೋದ ನೀರಾಗ ಬಿಟ್ಟು ಬಾ ಅಂದಾಳಂತ."

ನೀರಿಲ್ಲದ್ದರಿಂದ ಆಕೆ ಉಸುಕಿನಲ್ಲಿ ಮೊಣಕಾಲೂರಿ, ಕೈಯಿಂದ ಸ್ವಲ್ಪ ತೋಡಿ, ಹೂವಿಟ್ಟಳು. ಗಾಳಿಗೆ ಹಾರದಿರಲೆಂದು ಮೇಲೊಂದು ಕಲ್ಲು ಹುಡುಕುತ್ತಿದ್ದಳು. ಒಂದು ಕಲ್ಲು ಸಣ್ಣದಾಯಿತು, ಇನ್ನೊಂದು ಹುಡುಕಿದಳು. ಅತ್ತ ದಾರಿಯಲ್ಲಿ ಡ್ರೈವರ್ ಹಾರನ್ ಬಾರಿಸಿದ, ಬಿಜಾಪುರಕ್ಕೆ ಹೊತ್ತಾಗಿತ್ತು. ಇನ್ನೊಂದು ಐದು ನಿಮಿಷ ಸುಮ್ಮನಿದ್ದರೆ ಮುಗಿಯಿತು. ಗಾಡಿ ಹೊರಡುತ್ತದೆ, ಆಕೆ ಹೋಗುತ್ತಾಳೆ, ಮತ್ತೆಂದೂ ಬರುವುದಿಲ್ಲ. ಅವನ ಹೊಲ, ಅವನ ಹೆಂಡತಿ, ಅವನ ಊರು ಎಲ್ಲ ಹಾಗೆಯೇ ಇರುತ್ತವೆ.

ಆಕೆಯ ಕೈ ಉಸುಕಿನಲ್ಲಿ ಕಲ್ಲು ತಡಕುತ್ತಿತ್ತು. ಗುರಪ್ಪನಿಗೆ ಅದನ್ನು ನೋಡಲಾಗಲಿಲ್ಲ.

"ಅಲ್ಲಿ ಇಡಬ್ಯಾಡಂತ ಹೇಳ್ರಿ ಮಾಸ್ತರ್ರ" ಅಂದ. "ಅಂವ ಅಲ್ಲಿಲ್ಲ. ಗದ್ದಗ್ಯಾಗ ಅದಾನ."

ಮಾಸ್ತರರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಸುತ್ತ ನೋಡಿ, ಅವನ ತೋಳು ಹಿಡಿದು, "ದಿನಮಾನ ಎಂಥಾವ ನಡದಾವ ಗೊತ್ತೈತಿಲ್ಲೊ ನಿನಗ? ಬಾಯಿ ಮುಚ್ಕೊ. ನಿನ್ನ ಸಂಗಾಟ ನಾನೂ ಒಳಗ ಹೋಗ್ತೇನಿ" ಅಂದರು.

"ಹೋದ್ರ ಹೋಗೂಣ್ರಿ. ಹೇಳ್ರಿ ಆಕಿಗೆ. ಹೂವ ಮಣ್ಣಾಗತಾವ."

ಮಾಸ್ತರರು ಹೇಳಿದರು. ಮಳೆ, ಬಾಗಿಲಿಗೆ ಬಂದ ಹುಡುಗ, ಹೊನ್ನವ್ವನ ತೊಡೆ, ವಿಭೂತಿ, ಬಿಲ್ಲೆ. ಗುರಪ್ಪ ಹೇಳುತ್ತ ಹೋದ, ಅವರು ತಿರುಗಿಸುತ್ತ ಹೋದರು. ಆಕೆ ಹೂವನ್ನು ಉಸುಕಿನಿಂದ ಒಂದೊಂದಾಗಿ ಆರಿಸಿ ಮತ್ತೆ ಲಕೋಟೆಗೆ ಹಾಕಿಕೊಂಡಳು. ಮೂವರೂ ಗದ್ದುಗೆಗೆ ಬಂದರು. ಆಕೆ ಬೂಟು ಬಿಚ್ಚಿದಳು. ಬಿಚ್ಚು ಎಂದು ಯಾರೂ ಹೇಳಿರಲಿಲ್ಲ, ಕಸ್ತೂರೆವ್ವನ ಬರಿಗಾಲು ನೋಡಿದ್ದಳೇನೋ. ಗದ್ದುಗೆಯ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತಳು. ಆಮೇಲೆ ಬಂದು ಗುರಪ್ಪನ ಎರಡೂ ಕೈ ಹಿಡಿದುಕೊಂಡಳು. ಏನೋ ಕೇಳಿದಳು.

ಮಾಸ್ತರರು ಆ ಪ್ರಶ್ನೆಯನ್ನು ಗುರಪ್ಪನಿಗೆ ದಾಟಿಸಲಿಲ್ಲ. ತಾವೇ ಉತ್ತರ ಕೊಟ್ಟರು. ಆಕೆ ಕಣ್ಣು ಮುಚ್ಚಿ ಹಗುರವಾಗಿ ತಲೆಯಾಡಿಸಿದಳು.

"ಏನ್ ಕೇಳಿದ್ಲ್ರಿ?"

"ಏನಿಲ್ಲ ಬಿಡು."

"ಮಾಸ್ತರ್ರ."

"ಬಾಗಲಕ್ಕ ಬಂದಾಗ ಜೀವ ಇತ್ತೇನು, ಡಾಕ್ಟರ ಇದ್ನಲ್ಲ ಕ್ಯಾಂಪಿನ್ಯಾಗ, ಕರೆಯಾಕ ವ್ಯಾಳೆ ಇರಲಿಲ್ಲೇನು ಅಂತ ಕೇಳಿದಳು. ಇರಲಿಲ್ಲ, ಎತ್ತಿ ಒಳಗ ತಂದು ತೊಡಿ ಮ್ಯಾಲ ತಲಿ ಇಟ್ಕೊಳ್ಳೂದ್ರಾಗ ಮುಗೀತು ಅಂದೆ. ಅಷ್ಟ ಸಾಕು ಗುರಪ್ಪಾ. ಆಕಿಗೆ ಸಮಾಧಾನ ಆಗೈತಿ, ನೋಡು. ಇನ್ನ ಬಿಟ್ಟುಬಿಡು."

ಗುರಪ್ಪ ನೋಡಿದ. ಹೌದು, ಸಮಾಧಾನ ಆಗಿತ್ತು. ತನ್ನ ಕೈ ಇನ್ನೂ ಆಕೆಯ ಕೈಯಲ್ಲಿತ್ತು. ಈ ಕೈಯನ್ನು ಇವಳು ಹಿಡಿಯಬಾರದು ಎಂದು ಅವನಿಗೆ ಅನ್ನಿಸಿತು. ಸುಳ್ಳು ಹೇಳಿ ಹಿಡಿಸಿಕೊಂಡ ಕೈ ಇದು. ಪೊಲೀಸರ ಹೆದರಿಕೆ, ಊರಿನ ಹೆದರಿಕೆ, ಆ ಹೊತ್ತಿನಲ್ಲಿ ಒಂದೂ ಇರಲಿಲ್ಲ. ಎದುರಿಗಿದ್ದ ಈ ಮುಖ ಬದಲಾಗುವುದನ್ನು ನೋಡಬೇಕಲ್ಲ ಎಂಬ ಹೆದರಿಕೆ ಒಂದೇ ಇತ್ತು. ಅದು ಉಳಿದೆಲ್ಲದಕ್ಕಿಂತ ದೊಡ್ಡದಾಗಿತ್ತು. ಮಾಸ್ತರರಿಗೆ ಹೇಳಿದರೆ ಅವರು ತಿರುಗಿಸುವುದಿಲ್ಲ. ಅವನು ತನ್ನ ಹಳೆಯ ಹಿಡಿಯಷ್ಟು ಇಂಗ್ಲಿಷನ್ನೇ ತಡಕಿದ.

"ಮೇಮ್‌ಸಾಬ್" ಅಂದ. ಗದ್ದುಗೆ ತೋರಿಸಿ, ಮೂಡಣದಿಂದ ಪಡುವಣಕ್ಕೆ ಕೈಯಾಡಿಸಿ ಒಂದು ಇಡೀ ಹಗಲು ಎಂದು ತೋರಿಸಿದ. "ನಾಟ್ ಡೆಡ್. ಒನ್ ಡೇ." ಕ್ಯಾಂಪಿನ ಬಯಲು ತೋರಿಸಿದ. "ಡಾಕ್ಟರ್ ದೇರ್. ಸಾಬ್ ಆಸ್ಕ್, ಯು ಸೀ ಮ್ಯಾನ್?" ತನ್ನ ಎದೆ ಮುಟ್ಟಿಕೊಂಡ. "ಐ ಸೇ, ನೋ ಸಾಬ್."

ಆಕೆಗೆ ತಿಳಿಯಿತು. ಕೈ ಬಿಟ್ಟಳು. ಗುರಪ್ಪ ಹೆದರಿದ ಹಾಗೆಯೇ ಮುಖ ಬದಲಾಯಿತು, ಅವನು ಕಣ್ಣು ಕೆಳಗೆ ಹಾಕಲಿಲ್ಲ. ಮಾಸ್ತರರು ತಾವು ಹಳ್ಳದಲ್ಲಿ ತಿರುಗಿಸದೆ ಬಿಟ್ಟಿದ್ದ ಹಗೇವಿನ ಮಾತು, ಸಂಗಣ್ಣನ ಮಾತು ಗಡಿಬಿಡಿಯಿಂದ ಹೇಳತೊಡಗಿದರು. ಆಕೆ ಕೇಳಿಸಿಕೊಂಡಳೋ ಇಲ್ಲವೋ. ಕೊನೆಗೆ ಒಂದೇ ಮಾತು ಕೇಳಿದಳು, ನೀರು ಕೊಟ್ಟಿರಾ ಎಂದು.

"ನಮ್ಮವ್ವ ಕೊಟ್ಟಳ್ರಿ. ಕಡೀತನಕ" ಅಂದ ಗುರಪ್ಪ.

ಆಕೆ ಲಕೋಟೆಯ ಹೂವನ್ನು ಗದ್ದುಗೆಯ ಮೇಲಿಟ್ಟು, ಬೂಟು ಕೈಯಲ್ಲೇ ಹಿಡಿದುಕೊಂಡು, ಹಿಂದೆ ನೋಡದೆ ಗಾಡಿಗೆ ಹೋದಳು.

ಕಸ್ತೂರೆವ್ವ ಹಳ್ಳದ ದಂಡೆಯವರೆಗೂ ಹಿಂದೆಯೇ ಬಂದು, ಆಮೇಲೆ ಗಿಡದ ಆಚೆ ನಿಂತು ಎಲ್ಲ ಕೇಳಿದ್ದಳು. ಗುರಪ್ಪ ಅವಳ ಕಡೆ ತಿರುಗಲಿಲ್ಲ. ತಂಬಿಗೆಯ ಸದ್ದಾಯಿತು. ಅವಳು ಗದ್ದುಗೆಯ ಮೇಲೆ, ಆ ಒಣಹೂವಿನ ಬದಿಗೆ, ಹಾಲೆರೆಯುತ್ತಿದ್ದಳು. ಎರೆದು ಮುಗಿಸಿ, "ಯಾರ ಹಡದ ಮಗನೋ ಏನೋ. ನಮ್ಮತ್ತಿ ತೊಡಿ ಮ್ಯಾಲ ಹೋಗ್ಯಾನಂದ್ರ ನಮ್ಮಾಂವನ ಆದ" ಅಂದಳು. ಎಂಟು ದಿನ ಅವಳು ಗಂಡನ ಹತ್ತಿರ ಮಾತಾಡಲಿಲ್ಲ.

ಆಮೇಲೆ ಶುರುವಾಯಿತು ದಾರಿ ಕಾಯುವುದು. ಆಕೆ ಹೋಗಿ ಮೇಲಿನವರಿಗೆ ಹೇಳುತ್ತಾಳೆ, ಅವರು ದಿಲ್ಲಿಗೆ ಬರೆಯುತ್ತಾರೆ, ದಿಲ್ಲಿಯಿಂದ ಇಂಡಿಗೆ ಹುಕುಮ್ ಬರುತ್ತದೆ. ಗುರಪ್ಪ ಜೇಲಿಗೆ ಬೇಕೆಂದು ಒಂದು ಕೈಚೀಲದಲ್ಲಿ ಧೋತರ, ಚಾದರ, ವಿಭೂತಿ ಗಟ್ಟಿ ಹಾಕಿ ಗೂಟಕ್ಕೆ ತೂಗುಬಿಟ್ಟಿದ್ದ. ಮಾರ್ಚಿನಲ್ಲಿ ಒಂದು ದಿನ ನಿಜವಾಗಿಯೂ ಜೀಪು ಬಂತು. ಕುಟುಂಬ ಯೋಜನೆಯ ಆಪರೇಶನ್ನಿಗೆ ಗಂಡಸರನ್ನು ಹಿಡಿಯಲು ಬಂದಿದೆ ಎಂದು ಊರ ಗಂಡಸರೆಲ್ಲ ಜೋಳದ ಹೊಲಕ್ಕೆ ಓಡಿದರು. ಗುರಪ್ಪ ಒಬ್ಬನೇ ಚೀಲ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ. ಜೀಪಿನವನು ಇಳಿದು, "ವಯಸ್ಸೆಷ್ಟು ಮುತ್ಯಾ? ಎಷ್ಟು ಮಕ್ಕಳು?" ಎಂದು ಕೇಳಿದ. ಐವತ್ತೊಂದು, ಒಬ್ಬಳೇ ಮಗಳು ಅಂದ. "ಹೋಗು ಮನಿಗೆ" ಎಂದು ಅವನು ಬೈದು ಹೋದ. ಗುರಪ್ಪ ಏಳಲಾರದೆ ಸಂಜೆಯವರೆಗೂ ಅಲ್ಲಿಯೇ ಕೂತಿದ್ದ.

ಏಪ್ರಿಲಿನಲ್ಲಿ ಮಾಸ್ತರರು ಸೈಕಲ್ ಮೇಲೆ ಬಂದರು. ವಿಲಾಯತಿಯ ಟಿಕೀಟು ಹಚ್ಚಿದ ಕಾಗದ ತಂದಿದ್ದರು. ಕಸ್ತೂರೆವ್ವ ಬಾಗಿಲಿಗೆ ಬಂದು ನಿಂತಳು. ಮಾಸ್ತರರು ಚಶ್ಮಾ ಏರಿಸಿ ತಮ್ಮ ಮಾತಿನಲ್ಲಿ ಓದಿದರು.

"'ನಮ್ಮವ್ವಗ ಹೇಳಿದೆ. ಅಂವ ನೀರಾಗ ಹೋಗಿಲ್ಲ, ಒಂದು ಮನ್ಯಾಗ ಹೋದ, ಒಬ್ಬ ತಾಯಿ ತೊಡಿ ಮ್ಯಾಲ ತಲಿ ಇಟ್ಟು ಹೋದ ಅಂತ. ಕೂಡ್ರಿಸ್ಯಾರ ಅಂತನೂ ಹೇಳಿದೆ. ಅವ್ವ, ಒಳ್ಳೇದಾತು, ಅಂವಗ ಸಣ್ಣಾಂವ ಇದ್ದಾಗಿಂದ ಮಲಗೂದಂದ್ರ ಬ್ಯಾಸರ ಅಂದ್ಲು. ಅಲ್ಲಿಂದ ತೆಗೀಬಾರದು ಅಂದ್ಲು. ನಾ ಯಾರಿಗೂ ಬರಿಯೂದಿಲ್ಲ. ಇನ್ನೊಂದು ಮಾತು, ಆ ಒಂದು ಹಗಲಿನ ಮಾತು, ಅವ್ವಗ ಹೇಳಿಲ್ಲ. ಹೇಳೂದೂ ಇಲ್ಲ. ಅದನ್ನ ನೀವು ಅರ್ಧಾ ಇಟ್ಕೊಳ್ರಿ, ನಾ ಅರ್ಧಾ ಇಟ್ಕೋತೇನಿ.'"

ಮಾಸ್ತರರು ಕಾಗದ ಮಡಚಿದರು. ಗುರಪ್ಪ ನೆಲ ನೋಡುತ್ತ ಕೂತಿದ್ದವನು ಕೇಳಿದ: "ಮಾಫ್ ಮಾಡೇನಿ ಅಂತ ಬರದಾಳೇನ್ರಿ?"

ಮಾಸ್ತರರು ಕಾಗದವನ್ನು ಮತ್ತೆ ಬಿಚ್ಚಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಂದು ಮಾತು ಸೇರಿಸಿ ಓದುವುದು ಅವರಿಗೆ ಏನೂ ಕಷ್ಟವಿರಲಿಲ್ಲ.

"ಇಲ್ಲ" ಅಂದರು.

"ಹಂಗಾದ್ರ ನೀವು ಖರೇನ ಓದೀರಿ" ಅಂದ ಗುರಪ್ಪ. ಎದ್ದು, ಗೂಟಕ್ಕೆ ತೂಗುಬಿಟ್ಟಿದ್ದ ಚೀಲ ಇಳಿಸಿ, ಧೋತರ ಚಾದರ ತೆಗೆದು ಹೆಂಡತಿಯ ಕೈಗೆ ಕೊಟ್ಟ. ವಿಭೂತಿ ಗಟ್ಟಿಯನ್ನು ತಾನೇ ಇಟ್ಟುಕೊಂಡ. ಅವತ್ತು ಸೋಮವಾರವೇನೂ ಆಗಿರಲಿಲ್ಲ. "ತಂಬಗಿ ಕೊಡ ಇಲ್ಲೆ" ಎಂದು ಇಸಿದುಕೊಂಡು, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಬೇವಿನ ಗಿಡದ ಕಡೆ ನಡೆದ.